ಶಾಸಕರು ಸದನದಲ್ಲಿ ಮಾತನಾಡಿದರೆ ನಮ್ಮ ಊರಿಗೆ ವೈದ್ಯರು ಬರುತ್ತಾರೆಯೇ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಿಂದ 28 ಕಿ.ಮೀ. ದೂರದ ಊರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸ ಕಟ್ಟಡವಾಗಿದೆ, ಆದರೆ ವೈದ್ಯರು ವಾರಕ್ಕೆ ಒಂದು ದಿನ ಸಿಕ್ಕರೆ ಪುಣ್ಯ. ಪ್ರೌಢಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದ ಬೆಳಗಿನ ಬಸ್ ನಿಂತು ಒಂದು ವರ್ಷವಾಯಿತು. ಊರಿನ ಶಾಲೆಯಲ್ಲಿ ಐದು ತರಗತಿಗಳಿಗೆ ಒಬ್ಬರೇ ಕಾಯಂ ಶಿಕ್ಷಕಿ. ನಮ್ಮ ಶಾಸಕರು ಒಳ್ಳೆಯವರು; ಮದುವೆ, ಸಾವು ಯಾವುದನ್ನೂ ತಪ್ಪಿಸುವುದಿಲ್ಲ. ಕೇಳಿದಾಗಲೆಲ್ಲ ‘ಸದನದಲ್ಲಿ ಮಾತನಾಡುತ್ತೇನೆ’ ಎನ್ನುತ್ತಾರೆ. ಕಳೆದ ಅಧಿವೇಶನದಲ್ಲಿ ಮಾತನಾಡಿದರು ಕೂಡ, ಮೊಬೈಲಿನಲ್ಲಿ ಊರೆಲ್ಲ ನೋಡಿತು. ಆದದ್ದು ಏನೂ ಇಲ್ಲ. ಸದನದಲ್ಲಿ ಮಾತನಾಡುವುದರಿಂದ ನಿಜವಾಗಿಯೂ ಏನಾದರೂ ಆಗುತ್ತದೆಯೇ? ನಾವು ಅವರಿಂದ ಏನನ್ನು ಕೇಳಬೇಕು?
— ಸ್ತ್ರೀಶಕ್ತಿ ಸಂಘವೊಂದರ ಸದಸ್ಯೆ

ಉತ್ತರ: ಆಗುತ್ತದೆ. ಆದರೆ ನೀವು ಮೊಬೈಲಿನಲ್ಲಿ ನೋಡಿದ ಬಗೆಯ ಮಾತಿನಿಂದ ಆಗುವುದು ಬಹಳ ಕಡಿಮೆ.

ಇದನ್ನು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣವಿದೆ. ನಾನು ಶಾಸಕರ ಕಡೆಯವನಲ್ಲ, ಅವರ ಪ್ರಶ್ನೆಗಳಿಗೆ ಉತ್ತರ ಬರೆಯುವ ಕಡೆ ಕುಳಿತವನು. ಸಚಿವಾಲಯದ ಒಂದು ಇಲಾಖೆಯಲ್ಲಿ ಶಾಖಾಧಿಕಾರಿಯಾಗಿ ನಿವೃತ್ತನಾದೆ. ಅಧಿವೇಶನ ಕರೆದರೆಂದರೆ ಜಿಲ್ಲೆಗಳಿಂದ ಮಾಹಿತಿ ತರಿಸಿ, ಕರಡು ಉತ್ತರ ಬರೆದು, ಮೇಲಿನವರ ಸಹಿ ಹಾಕಿಸಿ ಸಚಿವರ ಕೈಗೆ ಮುಟ್ಟಿಸುವುದು ನಮ್ಮ ಕೆಲಸ. ಯಾವ ಪ್ರಶ್ನೆ ಬಂದರೆ ಕಾಫಿ ಆರುವುದರೊಳಗೆ ಉತ್ತರ ಮುಗಿಸುತ್ತಿದ್ದೆವು, ಯಾವುದು ಬಂದರೆ ರಾತ್ರಿಯವರೆಗೆ ಕಚೇರಿಯಲ್ಲೇ ಉಳಿಯುತ್ತಿದ್ದೆವು ಎಂಬುದನ್ನು ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ನೀವು ನೋಡಿದ್ದು ಶೂನ್ಯ ವೇಳೆಯ ಮಾತಿರಬೇಕು, ಇಲ್ಲವೇ ಬಜೆಟ್ ಮೇಲಿನ ಚರ್ಚೆ. ಶೂನ್ಯ ವೇಳೆಯಲ್ಲಿ ಸಭಾಧ್ಯಕ್ಷರ ಅನುಮತಿ ಪಡೆದು ಕೆಲವೇ ನಿಮಿಷ ಮಾತನಾಡಬಹುದು. ಸಚಿವರು ಇದ್ದರೆ ಎದ್ದು ‘ಗಮನಿಸುತ್ತೇನೆ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಬಜೆಟ್ ಚರ್ಚೆಯಲ್ಲಿ ಸಮಯ ಹೆಚ್ಚು ಸಿಗುತ್ತದೆ, ಆದರೆ ಅಲ್ಲಿ ‘ನಮ್ಮ ಭಾಗಕ್ಕೆ ಅನ್ಯಾಯವಾಗಿದೆ’ ಎಂಬ ಮಾತು ಅಷ್ಟು ಬಾರಿ ಬರುತ್ತದೆಯೆಂದರೆ, ಉತ್ತರ ಬರೆಯುವವರು ಅದನ್ನು ಗುರುತು ಹಾಕಿಕೊಳ್ಳುವುದೇ ಇಲ್ಲ. ನಮ್ಮ ಮೇಜಿಗೆ ಬಾರದ ಮಾತು ಗಾಳಿಯಲ್ಲಿ ಹೋದ ಹಾಗೆ. ಇದು ನಿಮ್ಮ ಶಾಸಕರ ತಪ್ಪೆಂದು ಹೇಳುತ್ತಿಲ್ಲ. ಟಿವಿಯಲ್ಲಿ ಬರುವುದು ಆ ಮಾತೇ, ಮತದಾರರು ಹಂಚಿಕೊಳ್ಳುವುದೂ ಆ ತುಣುಕನ್ನೇ.

ಮೇಜಿಗೆ ಬರುವುದು ಲಿಖಿತ ಪ್ರಶ್ನೆ. ಅದರಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಯಲ್ಲಿ ಉತ್ತರಿಸಬೇಕು, ಶಾಸಕರು ಎದ್ದು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ. ಜನ ಚುಕ್ಕೆ ಗುರುತಿನದೇ ದೊಡ್ಡದು ಎಂದುಕೊಳ್ಳುತ್ತಾರೆ. ನನ್ನ ಅನುಭವ ಹೇಳುವುದಾದರೆ, ಒಂದು ಊರಿನ ಆಸ್ಪತ್ರೆಯ ವಿಷಯಕ್ಕೆ ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ ಸಾಕು. ಪ್ರಚಾರ ಸಿಗುವುದಿಲ್ಲ, ನಿಜ. ಆದರೆ ಅಂಕಿ ಅಂಶಗಳು ಸರ್ಕಾರದ ಸಹಿಯೊಂದಿಗೆ ಕಾಗದದ ಮೇಲೆ ಬರುತ್ತವೆ, ಮುಂದಿನ ಅಧಿವೇಶನದಲ್ಲಿ ಅದೇ ಕಾಗದ ಹಿಡಿದು ಮತ್ತೆ ಕೇಳಬಹುದು. ಈ ಪ್ರಶ್ನೋತ್ತರಗಳು ವಿಧಾನಸಭೆಯ ಜಾಲತಾಣದಲ್ಲೂ ಸಿಗುತ್ತವೆ. ನಿಮ್ಮ ಶಾಸಕರು ಇದುವರೆಗೆ ಏನೇನು ಕೇಳಿದ್ದಾರೆ ಎಂದು ನಿಮ್ಮ ಮಕ್ಕಳೇ ಹುಡುಕಿ ಕೊಡಬಲ್ಲರು.

ಪ್ರಶ್ನೆ ಹೇಗಿರಬೇಕು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಹುತೇಕ ಪ್ರಶ್ನೆಗಳು ಹೀಗಿರುತ್ತವೆ: ‘ಸದರಿ ತಾಲ್ಲೂಕಿನ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಇದಕ್ಕೆ ನಾವು ಬರೆಯುತ್ತಿದ್ದ ಉತ್ತರ: ‘ಬಂದಿದೆ. ಖಾಲಿ ಹುದ್ದೆಗಳನ್ನು ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ವಹಿಸಲಾಗುತ್ತಿದೆ.’ ಐದು ನಿಮಿಷದ ಕೆಲಸ. ಹೆಸರು ಬದಲಿಸಿದರೆ ರಾಜ್ಯದ ಯಾವ ತಾಲ್ಲೂಕಿಗೂ ಸಲ್ಲುವ ಉತ್ತರ. ಇಂಥದ್ದನ್ನು ನಾನೇ ಎಷ್ಟು ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ.

ಒಮ್ಮೆ ಮೊದಲ ಸಲ ಗೆದ್ದು ಬಂದಿದ್ದ ಶಾಸಕರೊಬ್ಬರಿಂದ ಮೂರು ಸಾಲಿನ ಪ್ರಶ್ನೆ ಬಂತು. ನೆನಪಿನಿಂದ ಬರೆಯುತ್ತಿದ್ದೇನೆ:

(ಅ) ಸದರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಂಜೂರಾದ, ಭರ್ತಿಯಾದ ಹಾಗೂ ಖಾಲಿ ಇರುವ ಹುದ್ದೆಗಳೆಷ್ಟು (ಹುದ್ದೆವಾರು ವಿವರ ನೀಡುವುದು);
(ಆ) ಭರ್ತಿಯಾದ ಹುದ್ದೆಗಳ ಪೈಕಿ ಬೇರೆಡೆಗೆ ನಿಯೋಜನೆಗೊಂಡಿರುವವರೆಷ್ಟು; ಯಾವ ದಿನಾಂಕದಿಂದ, ಯಾರ ಆದೇಶದ ಮೇರೆಗೆ;
(ಇ) ಸದರಿ ನಿಯೋಜನೆಯನ್ನು ರದ್ದುಪಡಿಸಲು ಇರುವ ಕಾಲಮಿತಿ ಏನು?

ಆ ದಿನ ನಮ್ಮ ಶಾಖೆಯಲ್ಲಿ ಯಾರೂ ಮನೆಗೆ ಬೇಗ ಹೋಗಲಿಲ್ಲ. ಏಕೆಂದರೆ (ಆ) ಎಂಬ ಆ ಒಂದು ಸಾಲು ಹಳ್ಳಿಯ ಆರೋಗ್ಯ ಕೇಂದ್ರಗಳ ದೊಡ್ಡ ಗುಟ್ಟನ್ನು ಹಿಡಿದುಬಿಟ್ಟಿತ್ತು. ನಿಯೋಜನೆ ಎಂದರೆ, ವೈದ್ಯರ ಹುದ್ದೆ ನಿಮ್ಮ ಊರಿನಲ್ಲಿ, ಸಂಬಳವೂ ನಿಮ್ಮ ಊರಿನ ಹೆಸರಿನಲ್ಲಿ, ಆದರೆ ಕೆಲಸ ತಾಲ್ಲೂಕು ಆಸ್ಪತ್ರೆಯಲ್ಲೋ ಜಿಲ್ಲಾ ಕೇಂದ್ರದಲ್ಲೋ. ‘ಹುದ್ದೆ ಭರ್ತಿಯಾಗಿದೆ’ ಎಂದು ಉತ್ತರ ಬರೆದರೆ ಅದು ಸುಳ್ಳಲ್ಲ. ಶಾಸಕರಿಗೂ ಸಮಾಧಾನ, ಸಚಿವರಿಗೂ ಸಮಾಧಾನ, ನಿಮ್ಮ ಊರಿನ ಕುರ್ಚಿ ಮಾತ್ರ ಖಾಲಿ. ‘ಯಾರ ಆದೇಶ’ ಎಂದು ಕೇಳಿದ ಕೂಡಲೇ ಆದೇಶ ಹೊರಡಿಸಿದವರ ಹೆಸರು ಬರೆಯಬೇಕಾಗುತ್ತದೆ. ತನ್ನ ಹೆಸರು ಸದನದ ಕಡತಕ್ಕೆ ಹೋಗುವುದು ಯಾವ ಅಧಿಕಾರಿಗೂ ಇಷ್ಟವಿರುವುದಿಲ್ಲ. ಉತ್ತರ ಸದನಕ್ಕೆ ಹೋಗುವ ಮೊದಲೇ ಆ ನಿಯೋಜನೆ ರದ್ದಾಯಿತು. ಕೊನೆಗೆ (ಇ)ಗೆ ನಾವು ಬರೆದ ಉತ್ತರ: ‘ಉದ್ಭವಿಸುವುದಿಲ್ಲ.’ ಅಂದರೆ, ರದ್ದುಪಡಿಸಲು ಏನೂ ಉಳಿದಿರಲಿಲ್ಲ.

ನಿಮ್ಮ ಕೇಂದ್ರದ ವೈದ್ಯರ ಕಥೆಯೂ ಇದೇ ಇರಬಹುದೆಂದು ನನಗೆ ಬಲವಾದ ಸಂಶಯ. ಹುದ್ದೆ ಖಾಲಿಯೇ ಇದ್ದಿದ್ದರೆ ವಾರಕ್ಕೊಂದು ದಿನವೂ ಯಾರೂ ಬರುತ್ತಿರಲಿಲ್ಲ.

ಇನ್ನು ಆ ಹೊಸ ಕಟ್ಟಡ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ನಮ್ಮ ರಾಜ್ಯದ ಪ್ರತಿ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ಕಾಮಗಾರಿಗಳನ್ನು ಸೂಚಿಸುವ ಅವಕಾಶವಿದೆ. ಆ ಹಣದಿಂದ ಕೊಠಡಿ ಕಟ್ಟಿಸಬಹುದು, ಕಾಂಪೌಂಡ್ ಎಬ್ಬಿಸಬಹುದು. ಒಬ್ಬ ವೈದ್ಯರಿಗೋ ಶಿಕ್ಷಕರಿಗೋ ಸಂಬಳ ಕೊಡಲು ಬರುವುದಿಲ್ಲ. ಬೇರೆ ಅನುದಾನಗಳ ಸ್ವಭಾವವೂ ಹೆಚ್ಚು ಕಡಿಮೆ ಹೀಗೆಯೇ: ಕಟ್ಟಡಕ್ಕೆ ಹಣ ಒಂದು ಸಲ ಸಾಕು, ಹುದ್ದೆಗೆ ಪ್ರತಿ ತಿಂಗಳೂ ಬೇಕು. ಆದ್ದರಿಂದ ಹೊಸ ಹುದ್ದೆಯ ಪ್ರಸ್ತಾವ ಆರ್ಥಿಕ ಇಲಾಖೆಯ ಸಹಮತಿಗೆ ಹೋದರೆ ಅಲ್ಲಿ ಕೂರುತ್ತದೆ, ಕಟ್ಟಡದ ಕಡತ ಓಡುತ್ತದೆ. ಇದರ ಮೇಲೆ ಇನ್ನೊಂದು ವಿಷಯ: ಕಟ್ಟಡಕ್ಕೆ ಗುದ್ದಲಿ ಪೂಜೆ ಇದೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ವೈದ್ಯರ ಹುದ್ದೆಗೆ ಗುದ್ದಲಿ ಪೂಜೆ ಇಲ್ಲ. ನಿಯೋಜನೆ ರದ್ದು ಮಾಡಿಸಿದ ಶಾಸಕರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತುವುದಿಲ್ಲ. ಹೀಗಾಗಿ ನೀವು ‘ಆಸ್ಪತ್ರೆ ಬೇಕು’ ಎಂದಾಗ ನಿಮಗೆ ಕಟ್ಟಡ ಸಿಕ್ಕಿತು. ಮುಂದಿನ ಸಲ ಕಟ್ಟಡದ ಮಾತೇ ಎತ್ತಬೇಡಿ, ಆಳು ಬೇಕು ಎನ್ನಿ.

ಶಾಸಕರ ಕೈ ಎಷ್ಟು ಕಟ್ಟಿಹಾಕಿದೆ ಎಂಬುದನ್ನೂ ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಸಂವಿಧಾನದ 203ನೇ ವಿಧಿಯಂತೆ ವಿಧಾನಸಭೆ ಅನುದಾನದ ಬೇಡಿಕೆಯನ್ನು (ಖರ್ಚಿಗೆಂದು ಸರ್ಕಾರ ಸದನದ ಮುಂದಿಡುವ ಮೊತ್ತವನ್ನು) ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು, ಹೆಚ್ಚಿಸಲು ಬರುವುದಿಲ್ಲ. ತನ್ನ ತಾಲ್ಲೂಕಿಗೆ ಹಣ ಹೆಚ್ಚು ಬೇಕೆನ್ನುವ ಶಾಸಕ, ಆ ಇಲಾಖೆಯ ಬೇಡಿಕೆಯಲ್ಲಿ ನೆಪಮಾತ್ರಕ್ಕೆ ಒಂದಿಷ್ಟು ಕಡಿತ ಮಾಡಿ ಎಂಬ ಸೂಚನೆ ಕೊಟ್ಟು, ಆ ನೆಪದಲ್ಲಿ ತನ್ನ ದೂರು ಹೇಳಬೇಕು. ಹೊಸಬರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ನನಗೂ ಮೊದಲು ಕಂಡಿತ್ತು. ಸದನ ಸೇರುವ ದಿನಗಳೂ ಕಡಿಮೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು 2005ರಲ್ಲೇ ಕಾಯ್ದೆಯಾಗಿದೆ. ಆ ಸಂಖ್ಯೆ ಮುಟ್ಟುವುದು ಅಪರೂಪ. ಆ ದಿನಗಳಲ್ಲೂ ಒಂದಷ್ಟು ಗದ್ದಲಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ 224 ಜನ ಪಾಲು ಕೇಳಬೇಕು.

ಆಡಳಿತ ಪಕ್ಷದ ಶಾಸಕರು ‘ನಮ್ಮ ಸರ್ಕಾರವನ್ನೇ ಹೇಗೆ ಕೇಳುವುದು’ ಎಂದು ಹಿಂಜರಿಯುತ್ತಾರೆ, ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಹೆಸರು ಹೇಳುತ್ತಾರೆ. ಇದನ್ನು ಒಪ್ಪಬೇಡಿ. 1985ರ ಪಕ್ಷಾಂತರ ನಿಷೇಧದ ಕಟ್ಟು ಇರುವುದು ವಿಪ್ ಮೀರಿ ಮತ ಹಾಕಿದರೆ ಅಥವಾ ಮತದಾನಕ್ಕೆ ಗೈರಾದರೆ. ಊರಿನ ಬಸ್ಸಿನ ಬಗ್ಗೆ ಲಿಖಿತ ಪ್ರಶ್ನೆ ಕೊಟ್ಟದ್ದಕ್ಕೆ ಯಾರ ಸದಸ್ಯತ್ವವೂ ಹೋಗುವುದಿಲ್ಲ. ವಿರೋಧ ಪಕ್ಷದವರ ತೊಂದರೆ ಬೇರೆ: ಅವರು ಧಾರಾಳವಾಗಿ ಕೇಳುತ್ತಾರೆ, ಆದರೆ ಉತ್ತರ ಬಂದ ಮೇಲೆ ಅದನ್ನು ಹಿಡಿದು ಇಲಾಖೆಯ ಬಾಗಿಲು ತಟ್ಟುವುದನ್ನು ಮರೆತುಬಿಡುತ್ತಾರೆ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಬಸ್ಸೇ ಇಲ್ಲದ ಊರಿಗೆ ಉಚಿತ ಟಿಕೆಟ್‌ನಿಂದ ಏನು ಪ್ರಯೋಜನ ಎಂಬ ನಿಮ್ಮ ಊರಿನವರ ಪ್ರಶ್ನೆಯನ್ನು ಶಾಸಕರ ಬಾಯಿಂದ ಹೇಳಿಸಿದರೆ ಚಪ್ಪಾಳೆ ಬೀಳುತ್ತದೆ, ಬಸ್ ಬರುವುದಿಲ್ಲ. ಕೇಳಬೇಕಾದದ್ದು ಇಷ್ಟು: ಆ ಮಾರ್ಗದ ಅನುಸೂಚಿ (ಬಸ್ಸಿನ ನಿಗದಿತ ಓಡಾಟ) ರದ್ದಾಗಿದೆಯೇ ಅಥವಾ ಬೇರೆ ಮಾರ್ಗಕ್ಕೆ ತಿರುಗಿಸಲಾಗಿದೆಯೇ? ಯಾವ ದಿನಾಂಕದಿಂದ? ಆ ಮಾರ್ಗದಲ್ಲಿ ಪಾಸು ಪಡೆದಿರುವ ವಿದ್ಯಾರ್ಥಿಗಳೆಷ್ಟು? ಕೊನೆಯ ಪ್ರಶ್ನೆಯೇ ಮುಖ್ಯ. ‘ಆದಾಯವಿಲ್ಲದ ಮಾರ್ಗ’ ಎಂಬ ಉತ್ತರ ಸಾರಿಗೆಯವರ ಬಳಿ ಸದಾ ಸಿದ್ಧವಾಗಿರುತ್ತದೆ, ಆದರೆ ಪಾಸು ಕೊಟ್ಟು ಬಸ್ ನಿಲ್ಲಿಸಿದ್ದೇವೆ ಎಂದು ಬರೆಯಲು ಅವರಿಗೂ ಕೈ ನಡುಗುತ್ತದೆ. ಪಾಸು ಇರುವ ಮಕ್ಕಳ ಪಟ್ಟಿಯನ್ನು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಿಂದ ನೀವೇ ತರಬಹುದು. ಇನ್ನೊಂದು ಮಾತು. ಬಸ್ ನಿಂತ ವರ್ಷ ಒಂಬತ್ತನೇ ತರಗತಿಗೆ ಹೋಗದೆ ಉಳಿದ ಹೆಣ್ಣುಮಕ್ಕಳು ಎಷ್ಟು ಎಂದು ಸಂಘದವರು ಕುಳಿತು ಎಣಿಸಿ. ಆ ಲೆಕ್ಕ ಯಾವ ಇಲಾಖೆಯ ಕಡತದಲ್ಲೂ ಇರುವುದಿಲ್ಲ.

ಶಾಲೆಯ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ, ಆದ್ದರಿಂದ ಹೆಚ್ಚು ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಒಬ್ಬರೇ ಇದ್ದಾರೆಂದರೆ ಕಾನೂನಿನ ಉಲ್ಲಂಘನೆ. ಪ್ರಶ್ನೆಯಲ್ಲಿ ‘ಕೊರತೆ’ ಎಂಬ ಪದದ ಬದಲು ‘ಕಾಯ್ದೆಯ ಅನುಸೂಚಿಯಂತೆ’ ಎಂದು ಬರೆದರೆ ಸಾಕು. ಅತಿಥಿ ಶಿಕ್ಷಕರನ್ನು ಕೊಟ್ಟಿದ್ದೇವೆ ಎಂಬ ಉತ್ತರ ಬರುತ್ತದೆ. ಅವರು ಯಾವ ತಿಂಗಳಲ್ಲಿ ಬಂದರು ಎಂದು ಉಪಪ್ರಶ್ನೆ ಕೇಳಲಿ.

ಇವೆಲ್ಲವನ್ನೂ ಇಲಾಖೆಗಳು ಬೇರೆ ಬೇರೆ ಕಡತಗಳಲ್ಲಿ ನೋಡುತ್ತವೆ. ನಿಮ್ಮ ಮನೆಯಲ್ಲಿ ಅವು ಬೇರೆ ಬೇರೆಯಲ್ಲ. ವೈದ್ಯರಿಲ್ಲದ ದಿನ ಅತ್ತೆಯನ್ನು ತಾಲ್ಲೂಕಿಗೆ ಕರೆದೊಯ್ಯುವವರು ನೀವು, ಆ ದಿನದ ಕೂಲಿ ಹೋಗುವುದು ನಿಮ್ಮದು. ಬಸ್ ಇಲ್ಲದ ದಿನ ಮಗಳನ್ನು ಕಳಿಸಬೇಕೋ ಬೇಡವೋ ಎಂದು ಯೋಚಿಸುವವರೂ ನೀವೇ. ಸರ್ಕಾರದ ಸೇವೆ ನಿಂತಾಗ ಆ ಕೆಲಸ ನಿಲ್ಲುವುದಿಲ್ಲ, ಮನೆಯ ಹೆಂಗಸಿನ ತಲೆಯ ಮೇಲೆ ಬಂದು ಕೂರುತ್ತದೆ, ಸಂಬಳವಿಲ್ಲದೆ. ಶಾಸಕರು ಕುಟುಂಬಗಳ ಪರ ಮಾತನಾಡುತ್ತಾರೆ ಎಂದರೆ ನನ್ನ ಪ್ರಕಾರ ಇದನ್ನು ಹೇಳುವುದು. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಅಂಗನವಾಡಿ ಯೋಜನೆ ಶುರುವಾದಾಗ ಅದನ್ನು ಮಕ್ಕಳ ಪೌಷ್ಟಿಕತೆಯ ಕಾರ್ಯಕ್ರಮವೆಂದೇ ನೋಡಿದರು. ತಾಯಂದಿರು ಮಾತ್ರ ಅದನ್ನು, ಕೂಲಿಗೆ ಹೋಗಲು ಸಿಗುವ ನಾಲ್ಕು ಗಂಟೆ ಎಂದೂ ಲೆಕ್ಕ ಹಾಕಿದರು. ಅವರ ಲೆಕ್ಕ ತಪ್ಪಾಗಿರಲಿಲ್ಲ.

ಸದನದಲ್ಲಿ ಸಚಿವರು ‘ಮಾಡಿಸುತ್ತೇನೆ’ ಎಂದು ಒಪ್ಪಿಕೊಂಡರೆ ಅದು ಬರೀ ಮಾತಲ್ಲ. ಅದು ಭರವಸೆ ಎಂದು ದಾಖಲಾಗುತ್ತದೆ, ಸರ್ಕಾರಿ ಭರವಸೆಗಳ ಸಮಿತಿ ಅದು ಈಡೇರಿತೇ ಎಂದು ಇಲಾಖೆಯನ್ನು ಕೇಳುತ್ತದೆ. ಇದನ್ನು ತಪ್ಪಿಸಿಕೊಳ್ಳಲೆಂದೇ ನಾವು ‘ಪರಿಶೀಲನೆಯಲ್ಲಿದೆ’, ‘ಅನುದಾನದ ಲಭ್ಯತೆಗೆ ಅನುಗುಣವಾಗಿ’ ಎಂಬ ಪದಗಳನ್ನು ಹೆಕ್ಕಿ ಹೆಕ್ಕಿ ಬರೆಯುತ್ತಿದ್ದೆವು. ಚುಕ್ಕೆ ಗುರುತಿನ ಪ್ರಶ್ನೆ ಬೆಲೆಬಾಳುವುದು ಇಲ್ಲಿ. ಶಾಸಕರು ಎದ್ದು ‘ಪರಿಶೀಲನೆ ಎಂದಿಗೆ ಮುಗಿಯುತ್ತದೆ, ತಿಂಗಳು ಹೇಳಿ’ ಎಂದು ಒಂದು ಉಪಪ್ರಶ್ನೆ ಹಾಕಿದರೆ, ಸಚಿವರ ಬಾಯಿಂದ ಒಂದು ತಿಂಗಳ ಹೆಸರು ಹೊರಬಿದ್ದರೆ, ನಾವು ಹೆಕ್ಕಿದ ಪದಗಳೆಲ್ಲ ವ್ಯರ್ಥ. ಗಮನ ಸೆಳೆಯುವ ಸೂಚನೆಯಲ್ಲೂ ಇದೇ ಲಾಭವಿದೆ. ಅದನ್ನು ನಿಯಮ 73ರ ಅಡಿ ಕೊಡುತ್ತಾರೆ, ಅದಕ್ಕೆ ಸಚಿವರು ಹೇಳಿಕೆ ಕೊಡಲೇಬೇಕು.

ಸದನ ನಡೆಯದ ತಿಂಗಳುಗಳೇ ಹೆಚ್ಚು, ಆಗ ಶಾಸಕರಿಗೆ ಇನ್ನೊಂದು ಜಾಗವಿದೆ. ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆಗೆ, ಅವರೇ ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆ ತಾಲ್ಲೂಕು ಆರೋಗ್ಯಾಧಿಕಾರಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಬಸ್ ಡಿಪೊ ವ್ಯವಸ್ಥಾಪಕರು ಎಲ್ಲರೂ ಎದುರು ಕೂರುತ್ತಾರೆ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯದೆ ಹೋದದ್ದರಿಂದ ಈ ಸಭೆಯ ತೂಕ ಇನ್ನೂ ಹೆಚ್ಚಿತು. ಅಲ್ಲಿ ಅಧಿಕಾರಿಗಳನ್ನು ಗದರಿಸುವ ವಿಡಿಯೊಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಗದರಿದ್ದು ಮುಖ್ಯವಲ್ಲ. ಹಿಂದಿನ ಸಭೆಯ ಅನುಪಾಲನಾ ವರದಿಯನ್ನು (ಅಂದು ಹೇಳಿದ ಕೆಲಸಗಳು ಏನಾದವು ಎಂಬ ವರದಿಯನ್ನು) ಶಾಸಕರು ಓದಿಸಿದರೇ ಎಂದು ಕೇಳಿ. ನಿಮ್ಮ ಆರೋಗ್ಯ ಕೇಂದ್ರದ ಹೆಸರು ನಡವಳಿಯಲ್ಲಿ ಬಂತೇ, ಮುಂದಿನ ಸಭೆಯಲ್ಲಿ ಅದಕ್ಕೆ ಉತ್ತರ ಬಂತೇ, ಅಷ್ಟೇ ನೋಡಬೇಕಾದದ್ದು.

ಮಾತು ತಡವಾಗಿ ಫಲ ಕೊಟ್ಟದ್ದೂ ಉಂಟು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಕಾಗೋಡಿನ ಗೇಣಿದಾರರ ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ವಿಧಾನಸಭೆಗೆ ಬಂದರು. ಗೇಣಿದಾರರ ಪರ ಅವರು ಸದನದಲ್ಲಿ ಮಾತನಾಡುತ್ತಲೇ ಇದ್ದರು, ನಡುವೆ ಸೋತರು, ಮತ್ತೆ ಬಂದರು. ತಿದ್ದುಪಡಿಯಾದ ಭೂಸುಧಾರಣಾ ಕಾನೂನು ಜಾರಿಗೆ ಬಂದದ್ದು 1974ರಲ್ಲಿ, ಅವರು ತೀರಿಕೊಂಡು ಎರಡು ವರ್ಷಗಳಾಗುತ್ತ ಬಂದಾಗ. ಆದರೆ ನಿಮ್ಮ ಬಸ್ಸಿಗೆ ಅಷ್ಟು ಕಾಯಬೇಕಾಗಿಲ್ಲ. ನಿಮ್ಮ ಶಾಸಕರಿಗೆ ನಾನು ನೆನಪಿಸುವುದು ಅಬ್ದುಲ್ ನಜೀರ್ ಸಾಬ್ ಅವರನ್ನು. ಅವರೂ ದೊಡ್ಡ ಮಾತುಗಾರರೇ, ಅಧಿಕಾರ ವಿಕೇಂದ್ರೀಕರಣಕ್ಕೆ 1983ರ ಕಾಯ್ದೆ ತಂದ ಮಂತ್ರಿ. ಜನ ಅವರಿಗಿಟ್ಟ ಹೆಸರು ಮಾತ್ರ ‘ನೀರ್ ಸಾಬ್’. ಊರೂರಿಗೆ ಕೊಳವೆ ಬಾವಿ ಕೊರೆಸಿದ್ದಕ್ಕೆ.

ಪ್ರಾದೇಶಿಕ ನ್ಯಾಯದ ವಾದ ಹೂಡುವುದಾದರೆ, ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯಲ್ಲಿ ನಿಮ್ಮ ತಾಲ್ಲೂಕು ಎಲ್ಲಿದೆ ಎಂದು ನೋಡಿ. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಅದು ಗುರುತಿಸಿತ್ತು. ನಿಮ್ಮದು ಆ ಪಟ್ಟಿಯಲ್ಲಿದ್ದರೆ ಶಾಸಕರು ಅದನ್ನು ಹೇಳಲಿ, ಇಲ್ಲದಿದ್ದರೆ ‘ಅನ್ಯಾಯ’ದ ಭಾಷಣ ಬೇಡ, ಹುದ್ದೆಯ ಲೆಕ್ಕ ಸಾಕು.

ಶಾಸಕರು ಕೈ ಚೆಲ್ಲಿದರೆ ಬೇರೊಂದು ಬಾಗಿಲೂ ಇದೆ, ಬಹಳ ಜನ ಅದನ್ನು ತಟ್ಟುವುದಿಲ್ಲ. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಜನ ಸ್ಥಳೀಯ ಸಂಸ್ಥೆಗಳಿಂದ ಆಯ್ಕೆಯಾದವರು. ನಿಮ್ಮ ಗ್ರಾಮ ಪಂಚಾಯಿತಿ ಸದಸ್ಯರು ಅವರ ಮತದಾರರು. ಪರಿಷತ್ತಿನಲ್ಲೂ ಪ್ರಶ್ನೋತ್ತರ ನಡೆಯುತ್ತದೆ. ಪಂಚಾಯಿತಿಯ ಐದಾರು ಸದಸ್ಯರು ಒಟ್ಟಾಗಿ ಫೋನ್ ಮಾಡಿದರೆ ಅವರು ಎತ್ತುತ್ತಾರೆ.

ಈಗ ನೀವು ಮಾಡಬೇಕಾದ ಕೆಲಸ. ಶಾಸಕರಿಗೆ ಮನವಿ ಪತ್ರ ಕೊಡಬೇಡಿ. ಅಂಥ ಪತ್ರಗಳಿಗೆ ಅವರು ಒಂದು ಶಿಫಾರಸು ಪತ್ರ ಬರೆಯುತ್ತಾರೆ, ಅದು ಇಲಾಖೆಯಲ್ಲಿ ಇತರ ನೂರು ಶಿಫಾರಸುಗಳ ಕೆಳಗೆ ಸೇರುತ್ತದೆ. ಪ್ರಶ್ನೆಯ ಕರಡನ್ನೇ ಕೈಗಿಡಿ. ಅಧಿವೇಶನದ ದಿನಾಂಕ ಪ್ರಕಟವಾಗುವುದಕ್ಕೂ ಮೊದಲೇ ಕೊಡಿ, ಪ್ರಶ್ನೆಗಳನ್ನು ಬಹಳ ಮುಂಚೆ ಸಲ್ಲಿಸಬೇಕಾಗುತ್ತದೆ. ಅದನ್ನು ಟೈಪ್ ಮಾಡಿ ಸಲ್ಲಿಸುವವರು ಅವರ ಆಪ್ತ ಸಹಾಯಕರು, ಆದ್ದರಿಂದ ಆ ಹುಡುಗನ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಒಂದು ಸಲಕ್ಕೆ ಒಂದೇ ವಿಷಯ: ಮೊದಲು ವೈದ್ಯರು, ಬಸ್ಸು ಮುಂದಿನ ಅಧಿವೇಶನಕ್ಕೆ. ಮೂರನ್ನೂ ಒಟ್ಟಿಗೆ ಕೇಳಿದರೆ ಮೂರಕ್ಕೂ ಸೇರಿ ‘ಕ್ರಮ ವಹಿಸಲಾಗುತ್ತಿದೆ’ ಎಂಬ ಒಂದೇ ಉತ್ತರ ಬರೆಯುವ ವಿದ್ಯೆ ನಮ್ಮವರಿಗೆ ಗೊತ್ತು.

ಅದಕ್ಕೂ ಮುಂಚೆ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ, ನಿಮ್ಮ ಕೇಂದ್ರದ ವೈದ್ಯರು ಬೇರೆಡೆಗೆ ನಿಯೋಜನೆಯ ಮೇಲೆ ಇದ್ದಾರೆಯೇ, ಎಂದಿನಿಂದ ಎಂಬ ಎರಡೇ ಮಾತು ಕೇಳಿ ಬನ್ನಿ. ಬಾಯಿಯಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ, 30 ದಿನಗಳಲ್ಲಿ ಹೇಳಬೇಕು. ಸಿಕ್ಕ ಉತ್ತರವನ್ನು ನನಗೆ ಕಳಿಸಿ. ಪ್ರಶ್ನೆಯ ಕರಡನ್ನು ನಾನೇ ಬರೆದುಕೊಡುತ್ತೇನೆ. ಇಷ್ಟು ವರ್ಷ ಆಚೆ ಬದಿಯಲ್ಲಿ ಕುಳಿತು ಬರೆದದ್ದಾಯಿತು.